ಖಾಲಿ ಗೋಡೆಯ ಪ್ರಾಮಾಣಿಕತೆ

ಅಲಂಕಾರವಿಲ್ಲದ ಮನೆಯೇ ಪ್ರಾಮಾಣಿಕ ಮನೆ ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಮಾತು ಹಳೆಯದು, ನಮ್ಮ ಕಡೆಗೆ ಬಂದು ಮುಟ್ಟಿದ್ದು ಈಚೆಗೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಚನ್ನಗಿರಿ ಸುತ್ತಮುತ್ತ ಎದ್ದ ಮನೆಗಳನ್ನು ನೋಡಿದವರಿಗೆ ಅದು ಯಾಕೆ ಹುಟ್ಟಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಲಿವೇಶನ್ ತುಂಬ ಬಣ್ಣದ ಕಲ್ಲು, ಫಳಫಳ ಹೊಳೆಯುವ ಸ್ಟೀಲ್ ರೇಲಿಂಗು, ರಸ್ತೆಗೆ ಮುಖ ಮಾಡಿದ ಗಾಜು, ಕತ್ತಲಾದರೆ ನೀಲಿ ದೀಪದ ಪಟ್ಟಿ. ಇದನ್ನು ಕಂಡು ಸಾಕೆನಿಸಿದವರು ಇನ್ನೊಂದು ಥರದ ಮನೆ ಬೇಕೆನ್ನುವುದು ಸಹಜ. ಬಿಳಿ ಗೋಡೆ, ಬೂದು ನೆಲ, ಗೋಡೆಯೊಳಗೇ ಸೇರಿಹೋದ ಕಪಾಟು, ಗೆರೆಯೊಂದೂ ಇಲ್ಲದ ಬಾಗಿಲು. ಅಂಥ ಮನೆ ನನಗೂ ಇಷ್ಟವಾದೀತು. ಆದರೆ ಇಷ್ಟದ ಮಾತು ನೀತಿಯ ಮಾತಾಗಿ ಏರಿ ಕೂತರೆ ಸುಮ್ಮನಿರಲಾಗುವುದಿಲ್ಲ.

ನನ್ನ ಮೈದುನನ ಮಗ ಚನ್ನಗಿರಿ ತಾಲೂಕಿನ ನಮ್ಮ ತೋಟದ ಪಕ್ಕದಲ್ಲಿ ಅಂಥದೊಂದು ಮನೆ ಕಟ್ಟಿಸುತ್ತಿದ್ದಾನೆ. ಆರ್ಕಿಟೆಕ್ಟ್ ದಾವಣಗೆರೆಯ ಹುಡುಗ. ಓದಿಕೊಂಡವನು, ಸೈಟಿಗೆ ಬಂದರೆ ಬಿಸಿಲಲ್ಲೇ ನಿಂತು ಕೆಲಸ ನೋಡುವವನು. ಅವನ ಬಗ್ಗೆ ನನಗೆ ಗೌರವವಿದೆ. ನಡುಮನೆಯ ಗೋಡೆಯಲ್ಲಿ ದೀಪಕ್ಕೊಂದು ಗೂಡು ಬಿಡಬಹುದೇನಪ್ಪಾ ಎಂದು ಕೇಳಿದೆ. "ಮೇಡಂ, ಅಲಂಕಾರ ಅಂದ್ರೆ ಏನನ್ನೋ ಮುಚ್ಚಿಡೋದು. ಖಾಲಿ ಗೋಡೆ ಸುಳ್ಳು ಹೇಳಲ್ಲ" ಅಂದ. ಆ ಕ್ಷಣಕ್ಕೆ ನನಗೆ ಬಾಯಿ ಬರಲಿಲ್ಲ. ನನ್ನ ತವರು ಜಗಳೂರು ತಾಲೂಕು. ನನ್ನ ಅವ್ವ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಗೇಣುದ್ದ ಕೆಮ್ಮಣ್ಣಿನ ಕಾರಣೆ ಎಳೆದು, ಅದರ ಮೇಲಂಚಿಗೆ ಬೆರಳ ತುದಿಯಿಂದ ಸುಣ್ಣದ ಚುಕ್ಕಿ ಸಾಲು ಇಡುತ್ತಿದ್ದಳು. ಬಗ್ಗಿ ನಡೆಯುತ್ತ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗುವಾಗ ಚುಕ್ಕಿಗಳ ನಡುವಿನ ಅಂತರ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಅವಳು ಏನನ್ನು ಮುಚ್ಚಿಡುತ್ತಿದ್ದಳು?

ಈ ಚರ್ಚೆಗೆ ಬೇರೆ ಬೇರೆ ದಿಕ್ಕಿನಿಂದ ಬಂದು ಸೇರಿಕೊಳ್ಳುವವರಿದ್ದಾರೆ. ವಾಸ್ತುವಿನವರು ಬಾಗಿಲ ದಿಕ್ಕನ್ನು ಬಿಟ್ಟು ಆಚೆ ಬರುವುದಿಲ್ಲ. ಜಪಾನಿನ ಝೆನ್ ಕೋಣೆಯನ್ನು ತೋರಿಸುವವರು ಆ ಕೋಣೆಯ ಫೋಟೊ ತೋರಿಸುತ್ತಾರೆ, ಅಷ್ಟೆ. ಸೇವಾಗ್ರಾಮದ ಗುಡಿಸಲನ್ನು ನೆನಪಿಸಿ ಕೋಟಿಯ ಮನೆ ಕಟ್ಟುವವರ ಜೊತೆ ನನಗೆ ಮಾತಿಲ್ಲ. ಇವರನ್ನೆಲ್ಲ ಬಿಟ್ಟು ಆ ಹುಡುಗನ ಮಾತಿನ ಬೇರು ಇರುವಲ್ಲಿಗೇ ಹೋಗುವುದು ಒಳ್ಳೆಯದು. ಆ ಬೇರು ವಿಯೆನ್ನಾದಲ್ಲಿದೆ.

ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಹುಟ್ಟಿದ್ದು 1870ರಲ್ಲಿ, ಬರ್ನೊ ಪಟ್ಟಣದ ಕಲ್ಲುಕುಟಿಗನ ಮಗನಾಗಿ. ಕಲ್ಲು ಕೆತ್ತುವವನ ಮಗನೇ 1910ರ ಸುಮಾರಿಗೆ 'ಅಲಂಕಾರ ಮತ್ತು ಅಪರಾಧ' ಎಂಬ ಉಪನ್ಯಾಸ ಕೊಟ್ಟ. ಅವನ ವಾದಕ್ಕೆ ಎರಡು ಕಾಲು. ಮೊದಲನೆಯದು ಮನುಷ್ಯಕುಲದ ಏಣಿ: ಪಾಪುವಾದ ಬುಡಕಟ್ಟಿನವನು ಮೈಗೆ ಹಚ್ಚೆ ಹಾಕಿಸಿಕೊಂಡರೆ ತಪ್ಪಿಲ್ಲ, ಅವನು ಇನ್ನೂ ಮಗುವಿನ ಮೆಟ್ಟಿಲಲ್ಲಿದ್ದಾನೆ, ಇಂದಿನ ಯುರೋಪಿನವನು ಹಾಕಿಸಿಕೊಂಡರೆ ಅವನು ಅಪರಾಧಿ, ಇಲ್ಲವೇ ಪತಿತ. ನಾಗರಿಕತೆ ಬೆಳೆದಂತೆಲ್ಲ ಬಳಕೆಯ ವಸ್ತುವಿನಿಂದ ಅಲಂಕಾರ ಉದುರಿಹೋಗುತ್ತದೆ ಎಂಬುದು ಅವನ ಸಿದ್ಧಾಂತ.

ಈ ಕಾಲನ್ನು ಮುರಿಯಲು ಹೆಚ್ಚು ಶ್ರಮ ಬೇಡ. ನನ್ನ ಅವ್ವನ ಮುಂಗೈಯಲ್ಲಿ ಹಸಿರು ಹಚ್ಚೆಯಿತ್ತು, ತುಳಸಿಕಟ್ಟೆಯ ಆಕಾರದ್ದು. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಾತ್ರೆಗೆ ಬರುವ ಲಂಬಾಣಿ ಹೆಂಗಸರ ಕನ್ನಡಿ ಕಸೂತಿಯ ಮುಂದೆ ನಿಂತು ಇದು ಮಾನವಕುಲದ ಬಾಲ್ಯ ಎನ್ನುವ ಧೈರ್ಯ ಇವತ್ತು ಯಾರಿಗಿದೆ? ಆ ಹುಡುಗನೂ ಅದನ್ನು ಹೇಳಲಾರ. ಆದರೂ ಏಣಿಯನ್ನು ಒಲ್ಲೆನೆಂದವನು ಏಣಿಯ ತುದಿಯಲ್ಲಿ ಸಿಕ್ಕ ತೀರ್ಮಾನವನ್ನು ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಖಾಲಿ ಗೋಡೆ ಹೆಚ್ಚು ಬೆಳೆದ ಮನಸ್ಸಿನ ಗುರುತು ಎಂಬ ಭಾವನೆ ಆ ಏಣಿಯಿಂದಲೇ ಇಳಿದುಬಂದದ್ದು.

ಇದಲ್ಲದೆ ಲೂಸ್‌ನನ್ನು ಅರ್ಧ ಓದಿದವರು ಅವನ ಮನೆಗಳ ಒಳಗೆ ಹೋಗಿಲ್ಲ. 1911ರ ಹೊತ್ತಿಗೆ ವಿಯೆನ್ನಾದ ಅರಮನೆಯ ಎದುರು ಅವನು ಕಟ್ಟಿದ ಕಟ್ಟಡದ ಮೇಲಂತಸ್ತಿನ ಬೋಳು ಗೋಡೆ ಕಂಡು ಊರೇ ಗದ್ದಲವೆಬ್ಬಿಸಿತು, ಕೊನೆಗೆ ಕಿಟಕಿಗಳಿಗೆ ಹೂವಿನ ತೊಟ್ಟಿ ಇಡಲು ಅವನು ಒಪ್ಪಬೇಕಾಯಿತು. ಅದೇ ಕಟ್ಟಡದ ಕೆಳಭಾಗದಲ್ಲಿ ಹಸಿರು ಗೆರೆಯ ಅಮೃತಶಿಲೆಯ ಕಂಬಗಳಿವೆ. 1930ರಲ್ಲಿ ಪ್ರಾಗ್‌ನಲ್ಲಿ ಮುಗಿದ ಮ್ಯುಲ್ಲರ್ ಮನೆ ಹೊರಗಿನಿಂದ ಬಿಳಿ ಪೆಟ್ಟಿಗೆ. ಒಳಗೆ ಕಾಲಿಟ್ಟರೆ ಅಮೃತಶಿಲೆ, ಹೊಳಪಿನ ಮರ, ಗಾಢ ಬಣ್ಣ. ಬೀದಿಗೆ ಮೌನ, ಮನೆಯವರಿಗೆ ಸಿರಿ. ಮೌನವನ್ನು ಒಳಮನೆಗೂ ತಂದು ಕೂರಿಸಿದವರು ಅವನ ನಂತರದವರು.

ಇಷ್ಟಕ್ಕೆ ನಿಲ್ಲಿಸಿದ್ದರೆ ವಾದ ಗೆದ್ದಂತೆ ಇರುತ್ತಿತ್ತು. ಅವನ ಎರಡನೆಯ ಕಾಲು ಗಟ್ಟಿಯಾಗಿದೆ. ಅಲಂಕಾರವೆಂದರೆ ಪೋಲಾದ ದುಡಿಮೆ ಎನ್ನುತ್ತಾನೆ. ಕೆತ್ತನೆಯ ಪೆಟ್ಟಿಗೆಗೆ ಕೊಡುವ ಬೆಲೆಯನ್ನೇ ಬೋಳು ಪೆಟ್ಟಿಗೆಗೂ ಕೊಟ್ಟರೆ ಉಳಿದ ವೇಳೆ ಕೆಲಸಗಾರನದ್ದಾಗುತ್ತದೆ ಎಂಬುದು ಅವನ ಲೆಕ್ಕ. ಇದನ್ನು ಓದುವಾಗ ನನಗೆ ಮತ್ತೆ ಅವ್ವನ ಬೆನ್ನೇ ಕಾಣುತ್ತದೆ. ಚುಕ್ಕಿ ಸಾಲಿನ ಚೆಲುವನ್ನು ನಾನು ಹೊಗಳುತ್ತೇನೆ, ಆದರೆ ಆ ಚೆಲುವಿಗೆ ವಾರವಾರವೂ ಸಗಣಿ ಸಾರಿಸುವ ನೆಲ, ಹೊತ್ತು ತರುವ ಕೆಮ್ಮಣ್ಣು, ಸುಣ್ಣಕ್ಕೆ ಬಿರಿದ ಬೆರಳು ಎಲ್ಲವೂ ಸೇರಿತ್ತು. ಒರೆಸಿದರೆ ಮುಗಿದುಹೋಗುವ ವಿಟ್ರಿಫೈಡ್ ಟೈಲ್ಸು ಈ ನಾಡಿನ ಸೊಸೆಯಂದಿರಿಗೆ ಮಾಡಿದ ಉಪಕಾರವನ್ನು ಅಲ್ಲಗಳೆಯುವ ಹಕ್ಕು ಯಾವ ಸೌಂದರ್ಯವಾದಿಗೂ ಇಲ್ಲ. ಇಲ್ಲಿ ಲೂಸ್ ಗೆದ್ದ.

ಆದರೆ ನಮ್ಮ ಸೈಟಿನಲ್ಲಿ ಅವನ ಲೆಕ್ಕ ತಿರುಗುಮುರುಗಾಗಿದೆ. ಬಡಗಿ ಹೊನ್ನಾಳಿ ಕಡೆಯವನು, ಅಪ್ಪನ ಕಾಲದಿಂದ ಹೆಬ್ಬಾಗಿಲು ಮಾಡುವ ಮನೆತನ. ಚೌಕಟ್ಟು ಗೋಡೆಗೆ ಸೇರುವ ಕಡೆ ಸಾಧಾರಣವಾಗಿ ಒಂದು ಮರದ ಪಟ್ಟಿ ಹೊಡೆಯುತ್ತಾರೆ. ಗಾರೆಯವನ ಅಂಕುಡೊಂಕು, ಮರ ಒಣಗಿ ಬಿಡುವ ಸಂದು ಎಲ್ಲ ಅದರಡಿ ಸೇರಿಹೋಗುತ್ತದೆ. ನಕ್ಷೆಯಲ್ಲಿ ಪಟ್ಟಿಯಿಲ್ಲ. ಗೋಡೆಯೂ ಮರವೂ ಒಂದೇ ಮಟ್ಟದಲ್ಲಿ ಬಂದು ಕಿರುಬೆರಳಿಗಿಂತ ಸಣ್ಣದೊಂದು ನೆರಳಿನ ಸಂದು ಬಿಟ್ಟು ನಿಲ್ಲಬೇಕು. ಅದಕ್ಕಾಗಿ ಗಾರೆಯನ್ನು ಕಿತ್ತು ಮತ್ತೆ ಬಳಿದರು, ಚೌಕಟ್ಟನ್ನು ಇಳಿಸಿ ಮತ್ತೆ ಏರಿಸಿದರು. ನೆಲದಂಚಿನ ಸ್ಕರ್ಟಿಂಗ್ ಬೇಡವೆಂದದ್ದಕ್ಕೂ ಇದೇ ಕಥೆ. "ಅಕ್ಕಾರೆ, ಇದರ ಬದಲು ಬಳ್ಳಿ ಗಿಣಿ ಎಲ್ಲಾ ಕೆತ್ತಿ ಕೊಡಂದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು" ಎಂದ ಬಡಗಿ. ಬೋಳು ಕೆಲಸ ಕಡಿಮೆ ಕೆಲಸವಲ್ಲ. ಕೈಯ ಗುರುತು ಉಳಿಯದಂತೆ ಮಾಡುವ ಕೆಲಸ, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪಟ್ಟಿ ಮುಚ್ಚಿಡುತ್ತದೆ ಎಂದು ಆ ಹುಡುಗ ದೂರುತ್ತಾನೆ; ಪಟ್ಟಿಯಿಲ್ಲದ ಸಂದು ಎಷ್ಟು ದಿನದ ಬೆವರನ್ನು ಮುಚ್ಚಿಟ್ಟಿದೆ ಎಂಬುದನ್ನು ಹೇಳುವುದಿಲ್ಲ.

ಇನ್ನು ಮಳೆ. ಗೆರೆ ಕೆಡುತ್ತದೆಂದು ಸಜ್ಜೆ ತೆಗೆದ ಮನೆಯೊಂದು ಹೊನ್ನಾಳಿಯಲ್ಲಿ ನಮ್ಮ ಪರಿಚಿತರದ್ದಿದೆ. ಮುಂಗಾರಿನ ಇರಚಲು ಹೊಡೆದು ಕಿಟಕಿಯ ಮೂಲೆಗಳಿಂದ ಕಪ್ಪು ಪಾಚಿ ಇಳಿದಿದೆ. ಆಧುನಿಕತೆ ಈ ನಾಡಿಗೆ ಬಂದದ್ದು ಹೀಗಲ್ಲ. ಬರ್ಲಿನ್ನಿನಿಂದ ಹೊರಟ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕಟ್ಟಡಗಳನ್ನು ಕಟ್ಟಿದ. ಬಿಸಿಲು, ಗಾಳಿ, ಮಳೆ ಯಾವ ಕಡೆಯಿಂದ ಬರುತ್ತವೆಂದು ನೋಡಿ ಗೋಡೆ ಎಬ್ಬಿಸುವುದನ್ನು ಮುಂದೆ ಒಂದು ಶಾಸ್ತ್ರವಾಗಿಯೇ ಬೆಳೆಸಿದ. ಅದೇ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಮಣ್ಣಿನ ಇಟ್ಟಿಗೆಯನ್ನು ಗಟ್ಟಿ ಮಾಡುವ ದಾರಿ ಹುಡುಕಿತು. ಅವರ ಸರಳ ಕಟ್ಟಡಗಳಿಗೆ ಹವೆ, ಹಣ, ಮಣ್ಣು ಕಾರಣ. ಹಾಗಿರುವ ಬರಿಗೋಡೆಗೆ ನಾನು ಕೈ ಮುಗಿಯುತ್ತೇನೆ.

ಹಾಗೆ ಹೇಳುವಾಗಲೇ ನನ್ನ ತವರಿನ ಮಾಳಿಗೆ ಮನೆ ಅಡ್ಡ ಬರುತ್ತದೆ. ಮಳೆ ಕಡಿಮೆಯಿರುವ ಜಗಳೂರು ಸೀಮೆಯಲ್ಲಿ ಹೆಂಚು ಬೇಕಿರಲಿಲ್ಲ. ದಪ್ಪ ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಕರ್ಲು ಮಣ್ಣು. ಬೆಳಕಿಗೆ ಮಾಳಿಗೆಯಲ್ಲೊಂದು ಗವಾಕ್ಷಿ. ಒಳಗೆ ಏನಿತ್ತು? ಬೀಸುವ ಕಲ್ಲು, ಒರಳು, ನೆಲುವು, ಗೋಡೆಯ ಗೂಟಕ್ಕೆ ತೂಗಿದ ಕಂಬಳಿ. ಕಾರಣೆಯ ಪಟ್ಟಿಯೊಂದನ್ನು ಬಿಟ್ಟರೆ ಈಗಿನ ಯಾವ ಆರ್ಕಿಟೆಕ್ಟ್ ಬಿಡಿಸುವ ಮನೆಗಿಂತಲೂ ಖಾಲಿ. ನಮ್ಮದು ಬಡತನದ ಖಾಲಿ, ಅವರದ್ದು ಆಯ್ಕೆಯ ಖಾಲಿ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಕೈಯಲ್ಲಿ ದುಡ್ಡಾಡಿದ ವರ್ಷವೂ ಅವ್ವ ನಡುಮನೆಯಲ್ಲಿ ಸಾಮಾನು ಇಡಗೊಡುತ್ತಿರಲಿಲ್ಲ. ಮಂದಿ ಬಂದು ಕೂರುವ ಜಾಗ ಬರಿದಾಗಿರಬೇಕು ಎನ್ನುತ್ತಿದ್ದಳು. ಅವಳಿಗೆ ಖಾಲಿಯ ರುಚಿ ಗೊತ್ತಿತ್ತು. ಚುಕ್ಕಿ ಸಾಲು ಅಷ್ಟು ಚೆನ್ನಾಗಿ ಕಾಣುತ್ತಿದ್ದದ್ದೂ ಮೇಲೆ ಅಷ್ಟು ಸುಣ್ಣದ ಬಯಲಿದ್ದುದರಿಂದ.

ನಮ್ಮ ತಾಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿದಾಗೆಲ್ಲ ನನಗೆ ಇದೇ ತೋಚುತ್ತದೆ. 16ನೆಯ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ಸುತ್ತ ಇಳಿಯುವ ಮೆಟ್ಟಿಲುಗಳಲ್ಲಿ ಕಲ್ಲಿನ ಅಡ್ಡಗೆರೆಗಳಲ್ಲದೆ ಬೇರೇನೂ ಇಲ್ಲ. ನೀರಿನ ನಡುವಿನ ಮಂಟಪದಲ್ಲಿ ಕಮಾನು, ಗೋಪುರ, ಕುಸುರಿ. ಮೆಟ್ಟಿಲಿಗೂ ಕುಸುರಿ ತುಂಬಿದ್ದರೆ ಮಂಟಪ ಕಳೆದುಹೋಗುತ್ತಿತ್ತು. ಮಂಟಪವಿಲ್ಲದಿದ್ದರೆ ಮೆಟ್ಟಿಲು ಬರಿಯ ಮೆಟ್ಟಿಲು. ಹಾಗಿದ್ದ ಮೇಲೆ ಪ್ರಾಮಾಣಿಕತೆಯ ಮಾತು ಗೋಡೆಗೆ ಹೊಂದುವುದೇ ಇಲ್ಲ. ಗೋಡೆಯ ವಿಷಯದಲ್ಲಿ ಕೇಳಬೇಕಾದದ್ದು ಎರಡೇ: ಏನು ಒಳಗಿರಬೇಕು, ಏನು ಹೊರಗಿರಬೇಕು ಎಂದು ತೀರ್ಮಾನಿಸುವವರು ಯಾರು? ಆ ತೀರ್ಮಾನವನ್ನು ದಿನದಿನವೂ ಕಾಯುವ ಕೆಲಸ ಯಾರದ್ದು?

ಅಮೆರಿಕದಲ್ಲಿ ಎಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗೆ ಮೀಸ್ ವಾನ್ ಡೆರ್ ರೋ ಕಟ್ಟಿಕೊಟ್ಟ ಗಾಜಿನ ಮನೆ 1951ರಲ್ಲಿ ಮುಗಿಯಿತು. ಲೋಕವೆಲ್ಲ ಹೊಗಳಿದ ಆ ಮನೆಯಲ್ಲಿ ಕಸದ ಬುಟ್ಟಿ ಎಲ್ಲಿಟ್ಟರೂ ಕಾಣುತ್ತದೆಂಬುದು ಆಕೆಯ ದೂರಾಗಿತ್ತು. ನಮ್ಮ ಮನೆಗೆ ಬರುವ ಸಾಮಾನು ಇನ್ನೂ ದೊಡ್ಡದು: ಸುಲಿದ ಅಡಿಕೆ, ಬೇಯಿಸುವ ಹಂಡೆ, ಚೊಗರಿನ ಕಲೆ ಹತ್ತಿದ ಚೀಲ, ಒಣಗಿಸಲು ಹಾಸುವ ಟಾರ್ಪಾಲು. ಇದನ್ನೆಲ್ಲ ಕಾಣದಂತೆ ಇಡುವವಳು ನನ್ನ ವಾರಗಿತ್ತಿ. ಆದ್ದರಿಂದ ಅವಳ ಪರವಾಗಿ ನಾನು ಆರ್ಕಿಟೆಕ್ಟ್ ಜೊತೆ ಜಗಳಕ್ಕೆ ನಿಂತೆ.

ಅವಳು ನನ್ನ ಕಡೆ ನಿಲ್ಲಲಿಲ್ಲ. "ಅಕ್ಕಾ, ನಂಗೆ ಗೂಡೂ ಬ್ಯಾಡ, ಕೆತ್ತನೇನೂ ಬ್ಯಾಡ. ಮದುವೆಯಾಗಿ ಬಂದಾಗಿಂದ ಮಂದಿ ಸಾಮಾನು, ಮಂದಿ ಫೋಟೊ, ಮಂದಿ ದೂಳು ಒರೆಸೀನಿ. ಒಂದು ಗೋಡೆನಾದ್ರೂ ನನ್ನ ಕಣ್ಣಿಗೆ ಬರಿದಾಗಿರ್ಲಿ" ಅಂದಳು. ಅಡಿಕೆಗೆ ತೋಟದ ಕಡೆ ಬೇರೆ ಶೆಡ್ ಹಾಕಿಸಿಕೊಡಬೇಕೆಂದು ಮಗನಿಗೆ ಮೊದಲೇ ಹೇಳಿ ಒಪ್ಪಿಸಿದ್ದಳು. ನಾನು ಯಾರ ಪರ ವಾದಿಸುತ್ತಿದ್ದೆನೋ ಅವಳಿಗೆ ನನ್ನ ವಾದ ಬೇಕಿರಲಿಲ್ಲ. ಇದು ಟಿ.ವಿ. ನೋಡಿ ಕಲಿತ ಆಸೆ ಇರಬಹುದೇ ಎಂಬ ಯೋಚನೆ ಸುಳಿಯಿತು. ಸುಳಿದ ಕೂಡಲೆ ಅದು ಲೂಸ್‌ನ ಏಣಿಯೇ, ಈ ಸಲ ಮೇಲಿನ ಮೆಟ್ಟಿಲಲ್ಲಿ ನಾನು ನಿಂತಿದ್ದೇನೆ ಎನಿಸಿತು. ಅವಳ ಖಾಲಿ ಗೋಡೆ ಒಂದು ಬಿಡುಗಡೆ. ಆರ್ಕಿಟೆಕ್ಟ್‌ನ ಖಾಲಿ ಗೋಡೆ ಒಂದು ಸಿದ್ಧಾಂತ. ಎರಡೂ ಒಂದೇ ಗೋಡೆ, ಒಂದೇ ಬಿಳಿ ಬಣ್ಣ.

ಆದರೆ ಬಡಗಿ? ಲೂಸ್ ತನ್ನ ಉಪನ್ಯಾಸದಲ್ಲಿ ಒಬ್ಬ ಮೋಚಿಯನ್ನು ತರುತ್ತಾನೆ. ಬೂಟಿನ ಮೇಲೆ ಸಣ್ಣ ತೂತುಗಳ ಕುಸುರಿ ಮಾಡುವುದೇ ಆ ಮೋಚಿಗೆ ಸಂತೋಷ. ಬೋಳು ಬೂಟು ಮಾಡಿಕೊಡು ಎಂದರೆ ಅವನ ಕೆಲಸ ಹಗುರವಾಗುತ್ತದೆ, ಆದರೆ ಅವನ ಸಂತೋಷವನ್ನು ಕಸಿದಂತಾಗುತ್ತದೆ. ತಾನು ಹಾಗೆ ಮಾಡಲಾರೆ ಎನ್ನುತ್ತಾನೆ. ಅಷ್ಟು ಕಠಿಣ ಮನುಷ್ಯ ಇಲ್ಲಿ ಮೆತ್ತಗಾಗುತ್ತಾನೆ, ನನಗೆ ಅವನು ಇಷ್ಟವಾಗುವುದು ಇಲ್ಲಿ. ನಮ್ಮ ಬಡಗಿ ದೇವರ ಮನೆಯ ಬಾಗಿಲನ್ನಾದರೂ ಕೆತ್ತಿಕೊಡುತ್ತೇನೆ, ಕೂಲಿ ಹೆಚ್ಚು ಬೇಡ ಎಂದು ಕೇಳಿದ್ದಾನೆ. ವಾರಗಿತ್ತಿಗೆ ಅದು ಬೇಡ. ಮಗ ನನ್ನ ಮುಖ ನೋಡುತ್ತಾನೆ, "ನೀನೇ ಹೇಳು ದೊಡ್ಡಮ್ಮ" ಎನ್ನುತ್ತಾನೆ. ಕೆತ್ತುವವನ ಸಂತೋಷ ದೊಡ್ಡದೋ, ಒರೆಸುವವಳ ಬಿಡುವು ದೊಡ್ಡದೋ ಎಂದು ತೂಗಲು ನನ್ನಲ್ಲಿ ತಕ್ಕಡಿಯಿಲ್ಲ. ಲೂಸ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ; ಆ ಬೂಟಿನ ತೂತುಗಳಲ್ಲಿ ಸೇರಿದ ದೂಳನ್ನು ಯಾರು ಒರೆಸುತ್ತಿದ್ದರು ಎಂಬ ಮಾತು ಅವನ ಉಪನ್ಯಾಸದಲ್ಲಿ ಬರುವುದೇ ಇಲ್ಲ.