ಚಿತ್ರದಲ್ಲಿ ನಿಂತ ಕುದುರೆ: ಗತಿ, ಕ್ಷಣ ಮತ್ತು ಪ್ರಮಾಣದ ಪ್ರಶ್ನೆ

ಓಡುತ್ತಿರುವ ವಸ್ತು ಆ ಓಟದ ಒಂದೊಂದು ಕ್ಷಣದಲ್ಲಿಯೂ ಓಡುತ್ತಲೇ ಇರುತ್ತದೆಯೇ, ಅಥವಾ ಆಯಾ ಕ್ಷಣದ ಮಟ್ಟಿಗೆ ನಿಂತೇ ಇರುತ್ತದೆಯೇ ಎಂಬ ಪ್ರಶ್ನೆ ಗ್ರೀಸಿನಲ್ಲಿಯೂ ಭಾರತದಲ್ಲಿಯೂ ಬಹು ಹಿಂದೆಯೇ ಚರ್ಚೆಗೆ ಬಂದಿತ್ತು. ಹಾರುವ ಬಾಣವು ಪ್ರತಿಯೊಂದು ಕ್ಷಣದಲ್ಲಿ ತನ್ನಷ್ಟೇ ಅಳತೆಯ ಜಾಗವನ್ನು ತುಂಬಿಕೊಂಡಿರುವುದರಿಂದ ಅದು ಯಾವ ಕ್ಷಣದಲ್ಲಿಯೂ ಚಲಿಸುವುದಿಲ್ಲವೆಂದು ಕ್ರಿ.ಪೂ. 5ನೆಯ ಶತಮಾನದ ಝೀನೋ ವಾದಿಸಿದನು. ಉಂಟಾದ ವಸ್ತುಗಳೆಲ್ಲ ಕ್ಷಣಮಾತ್ರ ಇದ್ದು ಹುಟ್ಟಿದ ಎಡೆಯಲ್ಲಿಯೇ ಅಳಿಯುವುದರಿಂದ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವಂಥದ್ದು ಯಾವುದೂ ಇಲ್ಲವೆಂದೂ, ಪಕ್ಕಪಕ್ಕದ ಎಡೆಗಳಲ್ಲಿ ಒಂದರ ಬೆನ್ನಿಗೆ ಒಂದು ಹುಟ್ಟುವ ಕ್ಷಣಗಳ ಸಂತಾನವನ್ನೇ, ಅಂದರೆ ಎಡೆಬಿಡದ ಸಾಲನ್ನೇ, ಜನರು ಗತಿಯೆಂದು ಕರೆಯುತ್ತಾರೆಂದೂ ವಸುಬಂಧುವು ‘ಅಭಿಧರ್ಮಕೋಶ’ದಲ್ಲಿ ಪ್ರತಿಪಾದಿಸಿದನು. ಶತಮಾನಗಳವರೆಗೆ ತರ್ಕದಿಂದಷ್ಟೇ ನಡೆದ ಈ ವಿವಾದಕ್ಕೆ 1878ರ ಜೂನ್ ತಿಂಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದ ಒಂದು ಕುದುರೆ ಸಾಕಣೆಯ ಬಯಲಿನಲ್ಲಿ, ಕಣ್ಣಿಗೆ ಕಾಣುವ ಸಾಕ್ಷ್ಯವೇ ದೊರೆತಂತೆ ತೋರಿತು.

ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದ, ರೈಲ್ವೆ ಉದ್ಯಮದಿಂದ ಸಿರಿವಂತನಾದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್‌ನಿಗೆ ಪಂದ್ಯದ ಕುದುರೆಗಳ ನಡೆಯನ್ನು ಬಿಡಿಸಿ ತಿಳಿಯುವ ಆಸಕ್ತಿಯಿತ್ತು. ಅವನ ಪಾಲೊ ಆಲ್ಟೊ ಸಾಕಣೆಯ ಓಟದ ಹಾದಿಯಲ್ಲಿ ಇಂಗ್ಲೆಂಡ್ ಮೂಲದ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಹೂಡಿ, ಹಾದಿಗೆ ಅಡ್ಡಲಾಗಿ ಎಳೆದ ದಾರಗಳು ಕುದುರೆಯ ಓಟಕ್ಕೆ ಸಿಲುಕಿದಾಗ ವಿದ್ಯುತ್ತಿನ ನೆರವಿನಿಂದ ಒಂದೊಂದೇ ಶಟರ್ ತೆರೆದು ಮುಚ್ಚುವಂತೆ ಏರ್ಪಡಿಸಿದನು. ಅಂದಿನ ಒದ್ದೆ ಕೊಲೋಡಿಯನ್ ಗಾಜಿನ ಫಲಕಗಳು, ಅಂದರೆ ರಾಸಾಯನಿಕ ಲೇಪನ ಒಣಗುವ ಮೊದಲೇ ಬಳಸಬೇಕಾದ ಫಲಕಗಳು, ಬೆಳಕಿಗೆ ಬಹಳ ನಿಧಾನವಾಗಿ ಸ್ಪಂದಿಸುತ್ತಿದ್ದುದರಿಂದ ಬಯಲಿನ ಪ್ರಖರ ಬಿಸಿಲು ಈ ಪ್ರಯೋಗಕ್ಕೆ ಅನಿವಾರ್ಯವಾಗಿತ್ತು. ಬಿಸಿಲನ್ನು ಪ್ರತಿಫಲಿಸುವ ಬಿಳಿಯ ಹಿನ್ನೆಲೆಯ ಮುಂದೆ ಕುದುರೆಯೂ ಸವಾರನೂ ಬಹುಮಟ್ಟಿಗೆ ಕಪ್ಪು ನೆರಳಿನ ಆಕೃತಿಗಳಾಗಿಯೇ ಮೂಡಿದರು. ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣುಕುದುರೆಯ ನಾಗಾಲೋಟದ ಚಿತ್ರಪಟ್ಟಿಕೆಯಲ್ಲಿ ಅಚ್ಚಾದ ವಿವರಣೆಯಂತೆ, ಚಿತ್ರಗಳ ನಡುವಿನ ಅಂತರ 27 ಅಂಗುಲ, ಕಾಲದ ಅಂತರ ಸುಮಾರು ಒಂದು ಸೆಕೆಂಡಿನ 25ರ ಒಂದು ಭಾಗ, ಮತ್ತು ಪ್ರತಿಯೊಂದು ಫಲಕಕ್ಕೆ ಬೆಳಕು ತಾಗಿದ ಅವಧಿ ಸೆಕೆಂಡಿನ 2000ದ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಚಿತ್ರಗಳು ಉತ್ತರಿಸಿದ ಪ್ರಶ್ನೆ ಸೀಮಿತವಾದುದು. ಓಟದ ನಡುವೆ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆಗೇ ನೆಲವನ್ನು ಬಿಟ್ಟಿರುತ್ತವೆಯೇ ಎಂಬುದೇ ಆ ಪ್ರಶ್ನೆ. ಬಿಟ್ಟಿರುತ್ತವೆ, ಆದರೆ ತಿಯೊಡೋರ್ ಜೆರಿಕೊ 1821ರ ತನ್ನ ಎಪ್ಸಂ ಡರ್ಬಿಯ ಚಿತ್ರದಲ್ಲಿ ತೋರಿಸಿದಂತೆ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿದಾಗಲ್ಲ, ನಾಲ್ಕೂ ಹೊಟ್ಟೆಯ ಕೆಳಗೆ ಮಡಚಿ ಕೂಡಿದಾಗ ಎಂಬುದು ಅದರ ಉತ್ತರ. ವೈಶೇಷಿಕ ದರ್ಶನದ ಪರಿಭಾಷೆಯಲ್ಲಿ ಇದು ವಿಭಾಗವನ್ನು ಕುರಿತ ಪ್ರಶ್ನೆ: ಕೂಡಿದ್ದ ಎರಡು ವಸ್ತುಗಳು ಅಗಲುವುದು ವಿಭಾಗ, ಅಗಲಿದ್ದವು ಕೂಡುವುದು ಸಂಯೋಗ, ಈ ಎರಡಕ್ಕೂ ಕಾರಣವಾಗುವುದು ಕರ್ಮ ಅಥವಾ ಚಲನೆ. ಗೊರಸು ನೆಲದಿಂದ ಅಗಲಿದೆಯೇ ಇಲ್ಲವೇ ಎಂಬುದನ್ನು ಒಂದೇ ಒಂದು ಚಿತ್ರವೂ ನಿರ್ಣಯಿಸಬಲ್ಲದು. ಅಗಲಿಸಿದ ಚಲನೆಯು ಮಾತ್ರ ಯಾವುದೊಂದು ಚಿತ್ರದಲ್ಲಿಯೂ ಕಾಣಸಿಗುವುದಿಲ್ಲ. ಕಾರ್ಯವನ್ನು ಹಿಡಿದ ಫಲಕಕ್ಕೆ ಕಾರಣವು ದಕ್ಕದೆ ಹೋದುದರಿಂದಲೇ ತಾತ್ವಿಕ ತೊಡಕು ಮೊದಲಾಗುತ್ತದೆ.

ಈ ತೊಡಕಿಗೆ ಯೂರೋಪಿನ ಇಬ್ಬರು ಪ್ರಸಿದ್ಧ ಚಿಂತಕರು ಕೊಟ್ಟ ಉತ್ತರಗಳು ಗಮನಾರ್ಹವಾಗಿವೆ. ಕಾಲವು ವಾಸ್ತವದಲ್ಲಿ ಎಂದೂ ನಿಲ್ಲದಿರುವುದರಿಂದ ಅದನ್ನು ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳು, ಬೇರೆಬೇರೆ ಗಳಿಗೆಗಳ ನಿಲುವುಗಳನ್ನು ಒಂದೇ ದೇಹದಲ್ಲಿ ಕೂಡಿಸಿದ ಜೆರಿಕೊನ ಚಿತ್ರವೇ ದಿಟ ಎಂದು ಶಿಲ್ಪಿ ರೊದ್ಯಾಂ 1911ರಲ್ಲಿ ಪ್ರಕಟವಾದ ತನ್ನ ಸಂಭಾಷಣೆಗಳಲ್ಲಿ ವಾದಿಸಿದನು. ತತ್ತ್ವಜ್ಞ ಹೆನ್ರಿ ಬರ್ಗ್‌ಸನ್ ತನ್ನ 1907ರ ‘ಸೃಜನಶೀಲ ವಿಕಾಸ’ ಎಂಬ ಗ್ರಂಥದಲ್ಲಿ, ಪ್ರಾಚೀನ ಶಿಲ್ಪಿಗಳು ಓಟದ ಸಾರವೆನಿಸುವ ಒಂದು ನಿಲುವನ್ನು ಆಯ್ದುಕೊಂಡರೆ ಛಾಯಾಗ್ರಹಣವು ಎಲ್ಲ ಗಳಿಗೆಗಳಿಗೂ ಸಮಾನ ಸ್ಥಾನ ಕೊಡುತ್ತದೆಂದು ಗುರುತಿಸಿ, ನಿಶ್ಚಲ ಚಿತ್ರಗಳನ್ನು ಎಷ್ಟು ಪೋಣಿಸಿದರೂ ಅವುಗಳಿಂದ ಗತಿಯು ಹುಟ್ಟಲಾರದೆಂದು ಹೇಳಿದನು. ಛಾಯಾಚಿತ್ರವನ್ನು ನೆಚ್ಚಿ ಗತಿಯೇ ಭ್ರಮೆಯೆನ್ನುವವರೂ, ಗತಿಯನ್ನು ನೆಚ್ಚಿ ಛಾಯಾಚಿತ್ರವೇ ಸುಳ್ಳೆನ್ನುವವರೂ ಒಂದು ಪೂರ್ವಗ್ರಹವನ್ನು ಸಮಾನವಾಗಿ ಒಪ್ಪಿಕೊಂಡಿದ್ದಾರೆ. ಫಲಕದಲ್ಲಿ ಮೂಡಿದುದು ಕಾಲದ ವಿಸ್ತಾರವೇ ಇಲ್ಲದ ಒಂದು ಕ್ಷಣ ಎಂಬುದೇ ಆ ಪೂರ್ವಗ್ರಹ.

ಚಿತ್ರಪಟ್ಟಿಕೆಯಲ್ಲಿ ನಮೂದಾದ ಅಂಕಿಗಳೇ ಇದನ್ನು ಅಲ್ಲಗಳೆಯುತ್ತವೆ. ಮೈಲಿಗೆ 1 ನಿಮಿಷ 40 ಸೆಕೆಂಡಿನ ವೇಗದಲ್ಲಿ ಓಡುತ್ತಿದ್ದ ಆ ಕುದುರೆ ಸೆಕೆಂಡಿಗೆ ಸುಮಾರು 16 ಮೀಟರ್ ಸಾಗುತ್ತಿತ್ತು. ಬೆಳಕು ತಾಗಿದ ಅವಧಿ ಸೆಕೆಂಡಿನ 2000ದ ಒಂದು ಭಾಗವೆಂದು ಹಿಡಿದರೆ, ಶಟರ್ ತೆರೆದು ಮುಚ್ಚುವಷ್ಟರಲ್ಲಿ ಕುದುರೆ ಸುಮಾರು 8 ಮಿಲಿಮೀಟರ್ ಮುಂದಕ್ಕೆ ಹೋಗಿರುತ್ತದೆ. ಅಂದಮೇಲೆ ನಿಶ್ಚಲವೆಂದು ತೋರುವ ಚಿತ್ರವೂ ಒಂದು ಕಿರುಗತಿಯ ದಾಖಲೆಯೇ ಆಗಿದ್ದು, ಆ ಗತಿಯು ಕಣ್ಣು ಗುರುತಿಸಲಾರದಷ್ಟು ಚಿಕ್ಕದೆಂಬುದಷ್ಟೇ ಅದರ ನಿಶ್ಚಲತೆಗೆ ಇರುವ ಅರ್ಥ. ಶಟರ್ ಎಷ್ಟೇ ಚುರುಕಾದರೂ ಅವಧಿ ಕಿರಿದಾಗಬಹುದೇ ಹೊರತು ಸೊನ್ನೆಯಾಗದು, ಏಕೆಂದರೆ ಸೊನ್ನೆ ಅವಧಿಯಲ್ಲಿ ಫಲಕಕ್ಕೆ ಬೆಳಕೇ ತಾಗುವುದಿಲ್ಲ. ಎರಡು ಚಿತ್ರಗಳ ನಡುವಿನ ಅವಧಿಗೆ ಹೋಲಿಸಿದರೆ ಒಂದು ಚಿತ್ರದ ಅವಧಿ ಹೆಚ್ಚೆಂದರೆ 80ರಲ್ಲಿ ಒಂದು ಪಾಲಾಗುವುದರಿಂದ, ಓಟದ ಬಹುಭಾಗವು ಯಾವ ಫಲಕದಲ್ಲಿಯೂ ದಾಖಲಾಗದೆ ನೋಡುಗನ ಊಹೆಗೆ ಬಿಟ್ಟಿದೆಯೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಪಟ್ಟಿಕೆಯ ಹನ್ನೆರಡನೆಯ ಚಿತ್ರವು ಇನ್ನೊಂದು ವಿವೇಕಕ್ಕೆ ಎಡೆಮಾಡುತ್ತದೆ. ಮೊದಲ ಹನ್ನೊಂದರಲ್ಲಿ ಓಡುವ ಕುದುರೆ ಕೊನೆಯದರಲ್ಲಿ ನೆಲಕ್ಕೆ ಕಾಲೂರಿ ನಿಂತಿದೆ. ಚಿತ್ರದ ನಿಶ್ಚಲತೆಯನ್ನೇ ಕುದುರೆಯ ನಿಶ್ಚಲತೆಯೆಂದು ಭಾವಿಸುವುದಾದರೆ ಓಡುವ ಕುದುರೆಗೂ ನಿಂತ ಕುದುರೆಗೂ ಭೇದವೇ ಉಳಿಯದಾಗಿ, ಝೀನೋನ ವಾದವು ಗತಿಯೊಂದಿಗೆ ಸ್ಥಿತಿಯನ್ನೂ ಅರ್ಥಹೀನಗೊಳಿಸುತ್ತದೆ; ಏಕೆಂದರೆ ನಿಂತಿರುವುದೆಂದರೆ ಒಂದಕ್ಕಿಂತ ಹೆಚ್ಚು ಗಳಿಗೆಗಳಲ್ಲಿ ಒಂದೇ ಎಡೆಯಲ್ಲಿರುವುದು, ಚಲಿಸುವುದೆಂದರೆ ಬೇರೆಬೇರೆ ಗಳಿಗೆಗಳಲ್ಲಿ ಬೇರೆಬೇರೆ ಎಡೆಗಳಲ್ಲಿರುವುದು. ಒಂದೇ ಕ್ಷಣವನ್ನು ಪ್ರತ್ಯೇಕಿಸಿ ನೋಡಿದವನಿಗೆ ಕುದುರೆಯು ಚಲಿಸುತ್ತದೆಯೆನ್ನಲೂ ಆಗದು, ನಿಂತಿದೆಯೆನ್ನಲೂ ಆಗದು.

ಸವಾರನ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕುದುರೆಯ ಕಾಲುಗಳ ವಿನ್ಯಾಸ ಚಿತ್ರದಿಂದ ಚಿತ್ರಕ್ಕೆ ತೀರ ಬದಲಾಗುತ್ತಿದ್ದರೂ ಸವಾರನ ನಿಲುವು ಅಷ್ಟಾಗಿ ಬದಲಾಗುವುದಿಲ್ಲ. ಜೀನಿನೊಂದಿಗೆ ಅವನ ಸಂಯೋಗ ಉಳಿದಿರುವಾಗಲೇ ಹಿನ್ನೆಲೆಯಲ್ಲಿ ಎಳೆದಿದ್ದ ಒಂದೊಂದು ಗೆರೆಯನ್ನು ಅವನು ಹಿಂದೆ ಹಾಕುತ್ತಾನೆ. ಹೋಗುವವನನ್ನು ಬಿಟ್ಟು ಹೋಗುವಿಕೆಯಿಲ್ಲ, ಹೋಗುವಿಕೆಯನ್ನು ಬಿಟ್ಟು ಹೋಗುವವನಿಲ್ಲ ಎಂದು ತೋರಿಸಿ ಎರಡಕ್ಕೂ ಸ್ವಭಾವವನ್ನು, ಎಂದರೆ ಬೇರೊಂದನ್ನು ಅವಲಂಬಿಸದ ಸ್ವಂತ ಇರವನ್ನು, ನಿರಾಕರಿಸಿದ ನಾಗಾರ್ಜುನನ ‘ಮೂಲಮಧ್ಯಮಕಕಾರಿಕೆ’ಯ ಎರಡನೆಯ ಪ್ರಕರಣದ ವಾದಕ್ಕೆ ಸವಾರನು ತಕ್ಕ ಉದಾಹರಣೆಯಾಗಬಲ್ಲನು. ಕುದುರೆಯನ್ನು ನೋಡಿದರೆ ಅವನು ಕುಳಿತಿದ್ದಾನೆ, ನೆಲವನ್ನು ನೋಡಿದರೆ ಅವನು ಸಾಗುತ್ತಿದ್ದಾನೆ. ಯಾವುದನ್ನೂ ಅಪೇಕ್ಷಿಸದ, ಅವನಿಗೇ ಅಂಟಿದ ಗತಿಯೊಂದನ್ನು ಎತ್ತಿ ತೋರಿಸುವುದು ಸಾಧ್ಯವಿಲ್ಲ. ಆದರೆ ಗತಿಯು ಸಾಪೇಕ್ಷವೆಂದು ಒಪ್ಪುವುದರಿಂದ ಗತಿಯು ಇಲ್ಲವೆಂದಾಗುವುದಿಲ್ಲ. ಅದು ಒಂದು ವಸ್ತುವಿನೊಳಗೆ ಅಡಗಿಲ್ಲ, ವಸ್ತುಗಳ ನಡುವಿನ ಸಂಬಂಧದಲ್ಲಿದೆ ಎಂದಷ್ಟೇ ಆಗುತ್ತದೆ.

ಇಂಥ ಸಂಬಂಧವು ತಿಳಿಯುವುದು ಯಾವ ಪ್ರಮಾಣದಿಂದ, ಅಂದರೆ ಯಥಾರ್ಥ ಜ್ಞಾನದ ಯಾವ ಸಾಧನದಿಂದ ಎಂಬುದು ಉಳಿದ ಪ್ರಶ್ನೆ. ಕಲ್ಪನೆಯ ಸೋಂಕಿಲ್ಲದ ಅರಿವೇ ಪ್ರತ್ಯಕ್ಷವೆಂದು ದಿಙ್ನಾಗನು ಹೇಳಿದ್ದನ್ನು ಓದಿದವರಿಗೆ ಹೆಸರು, ಜಾತಿ, ನಿರೀಕ್ಷೆ ಯಾವುದನ್ನೂ ಬೆರೆಸದ ಕ್ಯಾಮೆರಾ ಆದರ್ಶ ಪ್ರತ್ಯಕ್ಷದಂತೆ ತೋರಬಹುದು; ಆದರೆ ಅವನು ಹೇಳಿದುದು ಅರಿವಿನ ಲಕ್ಷಣವನ್ನು, ಫಲಕಕ್ಕಾದರೋ ಗುರುತು ಮೂಡುತ್ತದೆಯಲ್ಲದೆ ಅರಿವು ಮೂಡುವುದಿಲ್ಲ. ಆದುದರಿಂದ ಛಾಯಾಚಿತ್ರವನ್ನು ಪ್ರತ್ಯಕ್ಷವೆನ್ನುವುದಕ್ಕಿಂತ ಅನುಮಾನಕ್ಕೆ ಒದಗುವ ಲಿಂಗ, ಅಂದರೆ ಹೊಗೆಯು ಬೆಂಕಿಯನ್ನು ಸೂಚಿಸುವಂತೆ ಬೇರೊಂದನ್ನು ಸೂಚಿಸುವ ಗುರುತು, ಎನ್ನುವುದು ಹೆಚ್ಚು ಯುಕ್ತ. ಮೀಮಾಂಸಕರಲ್ಲಿ ಭಾಟ್ಟರು ಕರ್ಮವನ್ನು ಪ್ರತ್ಯಕ್ಷವೆಂದರೆ, ಪ್ರಾಭಾಕರರು ಕಣ್ಣಿಗೆ ಕಾಣುವುದು ಸಂಯೋಗವಿಭಾಗಗಳೇ ಹೊರತು ಕರ್ಮವಲ್ಲ, ಅದು ಅವುಗಳಿಂದ ಅನುಮಿತವಾಗತಕ್ಕದ್ದು ಎಂದರು. ಪಾಲೊ ಆಲ್ಟೊದ ಹಾದಿಯ ಬದಿಯಲ್ಲಿ ನಿಂತು ಕುದುರೆಯ ಓಟವನ್ನು ನೋಡಿದವನು ಭಾಟ್ಟರ ಪಕ್ಷದಲ್ಲಿದ್ದರೆ, ಅದೇ ಓಟದ ಚಿತ್ರಪಟ್ಟಿಕೆಯನ್ನು ಪರಿಶೀಲಿಸುವವನು ಪ್ರಾಭಾಕರರ ಪಕ್ಷವನ್ನು ಹಿಡಿಯದೆ ಗತ್ಯಂತರವಿಲ್ಲ.

ಈ ಎರಡು ಪ್ರಮಾಣಗಳಲ್ಲಿ ಒಂದರ ಪೂರ್ಣಬಾಧೆ, ಅಂದರೆ ಇನ್ನೊಂದರಿಂದ ಅದರ ಸಂಪೂರ್ಣ ನಿರಾಕರಣೆ, ಆಗುವುದಿಲ್ಲ. ಕಾಲುಗಳು ಯಾವ ಕ್ರಮದಲ್ಲಿ ಏಳುತ್ತವೆ, ಬೀಳುತ್ತವೆ ಎಂಬ ವಿಷಯದಲ್ಲಿ ಕಣ್ಣು ತಪ್ಪಿತ್ತು, ಅದನ್ನು ಫಲಕವು ತಿದ್ದಿತು. ಕುದುರೆ ಓಡುತ್ತಿದೆಯೆಂಬ ವಿಷಯದಲ್ಲಿ ಕಣ್ಣು ತಪ್ಪಿರಲಿಲ್ಲ, ಅಲ್ಲಿ ತಿದ್ದುವ ಅಧಿಕಾರವು ಫಲಕಕ್ಕಿಲ್ಲ. ಹನ್ನೊಂದು ಚಿತ್ರಗಳನ್ನು ಒಂದೇ ಕುದುರೆಯ ಒಂದೇ ಓಟವೆಂದು ಕೂಡಿಸಿ ಓದುವ ಬುದ್ಧಿಯು, ಓಟವೆಂದರೇನೆಂದು ಮೊದಲೇ ಕಣ್ಣಾರೆ ಕಂಡು ಅರಿತಿರಬೇಕು. ಅಂಥ ಅರಿವಿಲ್ಲದವನಿಗೆ ಅವು ಹನ್ನೊಂದು ಬೇರೆಬೇರೆ ಕುದುರೆಗಳ ಚಿತ್ರಗಳಾಗಿಯೂ ಕಾಣಬಹುದು. ಪ್ರತ್ಯಕ್ಷದ ದೋಷವನ್ನು ಎತ್ತಿ ತೋರಿಸಿದ ಛಾಯಾಚಿತ್ರವು ತನ್ನ ಅರ್ಥಕ್ಕಾಗಿ ಅದೇ ಪ್ರತ್ಯಕ್ಷವನ್ನು ಆಶ್ರಯಿಸಿರುವುದರಿಂದ, ಅದರ ಬಲದಿಂದ ಗತಿಯನ್ನು ನಿರಾಕರಿಸಹೊರಟವನು ತನ್ನ ಸಾಕ್ಷಿಯ ಮಾತಿಗೆ ಆಧಾರವಾದುದನ್ನೇ ಕಳೆದುಕೊಳ್ಳುತ್ತಾನೆ.