ಕೊಳ್ಳುವವನ ಅನುಮಾನ

ಮನೆಗೊಂದು ಡಿಜಿಟಲ್ ರೇಡಿಯೋ ಕೊಳ್ಳಲು ಹಿಂದೆಮುಂದೆ ನೋಡುವವನನ್ನು ಕಂಡು 'ಹಳೇ ಕಾಲದವನು' ಎಂದು ನಗುವುದು ಸುಲಭ. ಆದರೆ ಅವನ ಅನುಮಾನ ಅಷ್ಟು ಹಗುರವಾದುದೇ?

ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋವನ್ನು ನೆನೆಯಿರಿ. 2000ದಲ್ಲಿ ಹಾರಿಬಿಟ್ಟ ಏಷ್ಯಾಸ್ಟಾರ್ ಉಪಗ್ರಹದ ಮೂಲಕ ಅದು ನಮ್ಮ ಮನೆಗಳಿಗೂ ಬಂತು. ಜನ ಪೆಟ್ಟಿಗೆಗೂ ಹಣ ಕೊಟ್ಟರು, ಚಂದಾ ಕೂಡ ಕಟ್ಟಿದರು. 2008ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರವೇ ಮುಗಿಯಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಅದಕ್ಕೆ ಹಿಡಿಯಲು ಆ ದನಿಯೇ ಉಳಿಯಲಿಲ್ಲ.

ಇದು ದಿವಾಳಿಯೆದ್ದ ಕಂಪನಿಯೊಂದರ ಕತೆಯಷ್ಟೇ ಎನ್ನುವಂತಿಲ್ಲ. ಶ್ರೀಮಂತ ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳನ್ನು ಎಫ್.ಎಂ.ನಿಂದ ಡಿಜಿಟಲ್‌ಗೆ ಸಾಗಿಸಿತು. ಬೆಟ್ಟ ಕಣಿವೆಗಳ ಆ ನಾಡಿನಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ವಾಹಿನಿಗಳು ಸಿಗುತ್ತವೆ ಎಂಬುದು ಅದರ ವಾದ. ವಾದ ಸರಿಯೇ. ಆದರೆ ಉಳಿತಾಯ ಪ್ರಸಾರಕರದು. ಹೊಸ ಸೆಟ್ಟಿನ ಇಲ್ಲವೇ ಅಡಾಪ್ಟರಿನ ಖರ್ಚು ಕೇಳುಗರದು. ಚೆನ್ನಾಗಿಯೇ ಹಾಡುತ್ತಿದ್ದ ಅಡುಗೆಮನೆಯ ರೇಡಿಯೋ ಒಂದೇ ದಿನದಲ್ಲಿ ಹಳತಾಯಿತು.

ಕುರ್ಚಿ ಕೊಂಡರೆ ಬಡಗಿ ಊರು ಬಿಟ್ಟುಹೋದರೂ ಕುರ್ಚಿ ನಮ್ಮದೇ. ರೇಡಿಯೋ ಹಾಗಲ್ಲ. ಅದನ್ನು ಕೊಳ್ಳುವವನು ವಸ್ತುವಿನ ಜೊತೆಗೆ ಇನ್ನೊಬ್ಬರ ಮಾತನ್ನೂ ಕೊಳ್ಳುತ್ತಾನೆ: 'ನಾವು ಪ್ರಸಾರ ಮಾಡುತ್ತಲೇ ಇರುತ್ತೇವೆ' ಎಂಬ ಮಾತನ್ನು. ಅಂಗಡಿಯ ರಸೀದಿಯಲ್ಲಿ ಪೆಟ್ಟಿಗೆಗೆ ಗ್ಯಾರಂಟಿ ಇರುತ್ತದೆ. ಈ ಮಾತಿಗೆ ಇರುವುದಿಲ್ಲ.

ಹೊಸತು ಬರಲಿ, ದನಿ ತಿಳಿಯಾಗಲಿ. ಆದರೆ ಕೊಟ್ಟ ಮಾತು ತಪ್ಪಿದರೆ ನಷ್ಟ ಯಾರ ತಲೆಗೆ ಎಂದು ಕೇಳುವವನನ್ನು ದಡ್ಡನೆನ್ನಬೇಡಿ. ಮಾರುವವರು ಹೇಳದೆ ಬಿಟ್ಟದ್ದನ್ನು ಅವನು ಕೇಳುತ್ತಿದ್ದಾನೆ, ಅಷ್ಟೇ.