ಕೊನೇ ಚರಣ ಎಲ್ಲಿ ಹೋಯ್ತು?

ಒಂದು ಹಾಡನ್ನು ಎಷ್ಟು ಬದಲಾಯಿಸಬಹುದು? ವೇಗ ಹೆಚ್ಚಿಸಬಹುದು, ಕೆಳಗೆ ತಮಟೆ ಬೀಟ್ ಹಾಕಬಹುದು, ನಡುವೆ ಇನ್ನೊಂದು ಹಾಡಿನ ಪಲ್ಲವಿ ತುರುಕಬಹುದು. ವಿಜಯನಗರ, ಬಸವೇಶ್ವರನಗರದ ಕಡೆ ಗಣೇಶನ ಮೆರವಣಿಗೆ ನೋಡಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಸ್ಪೀಕರ್ ಹೇರಿಕೊಂಡ ಗಾಡಿಯಿಂದ ‘ಸಂತೋಷಕ್ಕೆ’ ಶುರುವಾದರೆ ಸಾಕು, ತಾವು ಹುಟ್ಟೋಕೆ ಮುಂಚೆ, 1981ರಲ್ಲಿ ಬಂದ ‘ಗೀತಾ’ ಚಿತ್ರದ ಹಾಡಿಗೆ ಕಾಲೇಜು ಹುಡುಗರು ರಸ್ತೆ ತುಂಬ ಕುಣೀತಾರೆ. ಬೀಟ್ ಹೊಸದು, ದನಿ ಮಾತ್ರ ಅದೇ ಎಸ್ಪಿಬಿ ಅವರದು.

ನನಗೆ ರೀಮಿಕ್ಸ್ ಅಂದ್ರೆ ಇಷ್ಟ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೋಗೋ ನನ್ನಂಥವರಿಗೆ ನೇರಳೆ ಮಾರ್ಗ ಪೂರ್ತಿ ಹಾಡು ಕೇಳೋ ಟೈಮೇ. ಹಾಗಾಗಿ ಇದು ರೀಮಿಕ್ಸ್ ಬೈಯೋ ಬರಹ ಅಲ್ಲ. ಆದರೆ ಎಷ್ಟೋ ದಿನದಿಂದ ಒಂದು ಪ್ರಶ್ನೆ ಕಾಡ್ತಾ ಇದೆ: ಬೇರೆಯವರ ಹಾಡನ್ನು ಎತ್ತಿಕೊಂಡು ನಮ್ಮದು ಮಾಡಿಕೊಂಡಾಗ, ಆ ‘ಬೇರೆಯವರಿಗೆ’ ನಾವು ಏನಾದ್ರೂ ಕೊಡಬೇಕಾ?

‘ಮೂಲವನ್ನು ಮುಟ್ಟಲೇಬಾರದು’ ಅನ್ನೋ ವಾದ ನನಗೆ ಒಪ್ಪಿಗೆ ಇಲ್ಲ. ಮುಟ್ಟದೇ ಇದ್ದಿದ್ರೆ ಕನ್ನಡದಲ್ಲಿ ಅರ್ಧ ಹಾಡು ಇರ್ತಾನೇ ಇರಲಿಲ್ಲ. ಇಳಯರಾಜಾ ಅವರನ್ನೇ ನೋಡಿ. ‘ಗೀತಾ’ದ ‘ಜೊತೆಯಲಿ’ ರಾಗವನ್ನು ಮುಂದೆ ತಮಿಳಿನಲ್ಲಿ ಬಳಸಿದ್ರು, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ತಂದ್ರು. ತಮ್ಮ ಹಾಡನ್ನು ತಾವೇ ರೀಮಿಕ್ಸ್ ಮಾಡಿದ ಹಾಗೆ. ಶಿಶುನಾಳ ಶರೀಫರ (1819–1889) ತತ್ವಪದಗಳು ಹಳ್ಳಿ ಭಜನೆ ಮೇಳಗಳಲ್ಲಿ ಒಂದು ಥರ ಇದ್ದವು. ಸಿ. ಅಶ್ವತ್ಥ್ ಅವುಗಳನ್ನು ಸುಗಮ ಸಂಗೀತಕ್ಕೆ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೆ ತಂದ್ರು. ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್‌ನಲ್ಲಿ ಶರೀಫರ ಗುಡಗುಡಿಯ ಪದಕ್ಕೆ ಗಿಟಾರ್ ಕಟ್ಟಿ ಹಾಡಿದ್ರು. ಒಂದೊಂದು ಕಾಲದಲ್ಲೂ ಯಾರೋ ಒಬ್ಬರು ಮುಟ್ಟಿದ್ದರಿಂದಲೇ ಆ ಪದ ನಮ್ಮ ಕಿವಿವರೆಗೆ ಬಂತು.

ಕಾನೂನು ಏನು ಹೇಳುತ್ತೆ? ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಹಾಡು ಬರೆದವರು, ರಾಗ ಹಾಕಿದವರು ತೀರಿಕೊಂಡು 60 ವರ್ಷ ಆಗೋವರೆಗೆ ಅವರ ಕೃತಿಗೆ ರಕ್ಷಣೆ ಇದೆ. 2012ರ ತಿದ್ದುಪಡಿ ಪ್ರಕಾರ ಕವರ್ ವರ್ಷನ್ ಮಾಡೋರು ಮೂಲ ರೆಕಾರ್ಡಿಂಗ್ ಬಂದು ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಅಶ್ವತ್ಥ್ ತೀರಿಕೊಂಡಿದ್ದು 2009ರಲ್ಲಿ, ಹಾಗಾಗಿ ಅವರ ಸ್ವರ ಸಂಯೋಜನೆಗೆ 2069ರವರೆಗೆ ಕಾವಲು ಉಂಟು. ಶರೀಫರ ಮಾತಿಗೆ ಯಾವ ಕಾವಲೂ ಇಲ್ಲ. ಜನಪದ ಹಾಡಿಗಂತೂ ಮೊದಲಿಂದಲೂ ಇಲ್ಲ, ಯಾಕಂದ್ರೆ ಬರೆದವರು ಯಾರು ಅಂತಲೇ ಗೊತ್ತಿಲ್ಲ. ಅಂದ್ರೆ ಕೇಸು ಬೀಳೋ ಭಯ ಇರೋದು ಕಂಪನಿ ಇರೋ ಹಾಡಿಗೆ ಮಾತ್ರ. ಹಟ್ಟಿಯ ಹಾಡನ್ನು ಯಾರು ಬೇಕಾದ್ರೂ ಎತ್ತಿಕೊಂಡು ಹೋಗಬಹುದು. ಕಾನೂನಿನ ಪ್ರಕಾರ ಅದು ಸರಿ. ನ್ಯಾಯವಾಗಿಯೂ ಸರೀನಾ?

ನಮ್ಮ ಫೀಲ್ಡಿನವರಿಗೆ ಇದು ಹೊಸ ಪ್ರಶ್ನೆ ಏನಲ್ಲ. ದಿನಾ ಓಪನ್ ಸೋರ್ಸ್ ಕೋಡ್ ಎತ್ತಿಕೊಂಡೇ ನಾವು ಸಂಬಳ ದುಡಿಯೋದು. ಎಂಐಟಿ ಲೈಸೆನ್ಸ್ ಎಷ್ಟು ಉದಾರ ನೋಡಿ: ಬಳಸಿಕೋ, ತಿದ್ದು, ಮಾರಿಕೋ, ದುಡ್ಡು ಮಾಡಿಕೋ. ಕೇಳೋದು ಒಂದೇ, ಕಾಪಿರೈಟ್ ಹಕ್ಕಿನ ಆ ನಾಲ್ಕು ಸಾಲನ್ನು ಅಳಿಸಬೇಡ. ಅಷ್ಟು ಸಣ್ಣ ಷರತ್ತಿಗೆ ನಾವು ತಕರಾರಿಲ್ಲದೆ ತಲೆಬಾಗ್ತೀವಿ.

ಸ್ವಾರಸ್ಯ ಅಂದ್ರೆ, ಇದನ್ನು ನಮ್ಮ ಹಿರಿಯರು ಯಾವಾಗಲೋ ಕಂಡುಕೊಂಡಿದ್ರು. ಅದರ ಹೆಸರು ಅಂಕಿತ. ಬಸವಣ್ಣನವರ ವಚನದ ಕೊನೆಗೆ ಕೂಡಲಸಂಗಮದೇವ ಬರ್ತಾನೆ, ಪುರಂದರದಾಸರ ಕೀರ್ತನೆ ಕೊನೆಗೆ ಪುರಂದರ ವಿಠಲ ಬರ್ತಾನೆ, ಶರೀಫರ ಪದಗಳಲ್ಲಿ ಶಿಶುನಾಳಧೀಶನೋ ಗುರು ಗೋವಿಂದನೋ ಬರ್ತಾರೆ. ಪುಸ್ತಕದ ಮುಖಪುಟ ಹರಿದುಹೋದ್ರೂ, ಊರಿಂದೂರಿಗೆ ಬಾಯಿಂದ ಬಾಯಿಗೆ ಹೋದ್ರೂ, ಹಾಡು ಎಲ್ಲಿಂದ ಬಂತು ಅನ್ನೋದು ಹಾಡಿನ ಒಳಗೇ ಇರುತ್ತೆ. ಇನ್ನೊಂದು ಗಮನಿಸಿ, ಅಲ್ಲಿರೋದು ಬರೆದವನ ಹೆಸರಲ್ಲ, ಅವನು ಯಾರಿಗೆ ಋಣಿಯೋ ಅವರ ಹೆಸರು.

ಈಗಿನ ರೀಮಿಕ್ಸ್‌ನಲ್ಲಿ ಮೊದಲು ಕತ್ತರಿ ಬೀಳೋದೇ ಅಲ್ಲಿಗೆ. ರೀಲ್ಸ್‌ಗೆ ಬೇಕಾಗಿರೋದು ಮೂವತ್ತು ಸೆಕೆಂಡ್, ಅಷ್ಟಕ್ಕೆ ಪಲ್ಲವಿ ಸಾಕು. ಕೊನೇ ಚರಣದವರೆಗೆ ಯಾರು ಹೋಗ್ತಾರೆ? ಆದರೆ ‘ಕೋಡಗನ ಕೋಳಿ ನುಂಗಿತ್ತ’ ತಗೊಳ್ಳಿ. ಪಲ್ಲವಿ ಮಾತ್ರ ಕೇಳಿದ್ರೆ ತಮಾಷೆ ಹಾಡು, ಏನನ್ನೋ ಏನೋ ನುಂಗುತ್ತೆ ಅಷ್ಟೇ. ಕೊನೆಗೆ ಗುರು ಗೋವಿಂದನ ಪಾದ ಶಿಷ್ಯನನ್ನೇ ನುಂಗಿದಾಗ ಹಿಂದಿನ ನುಂಗಾಟಕ್ಕೆಲ್ಲ ಅರ್ಥ ಬರುತ್ತೆ. ಆ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣ. ಶಿಷ್ಯ ಮುಸ್ಲಿಂ. ಆ ಚರಣ ಕತ್ತರಿಸಿದ್ರೆ ಹೆಸರಿನ ಜೊತೆ ಆ ಸಂಬಂಧವೂ ಹೋಗುತ್ತೆ. ಇವತ್ತಿನ ದಿನ ಅದೇನು ಸಣ್ಣ ನಷ್ಟ ಅಲ್ಲ.

‘ಕುಣಿಯೋನಿಗೆ ಇದೆಲ್ಲ ಯಾಕೆ ಗುರು?’ ಅಂತ ನೀವು ಕೇಳಬಹುದು. ಕೇಳೋ ಮಾತೇ. ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜ್ ಹಾಡಿದ ‘ಇಫ್ ಯೂ ಕಮ್ ಟುಡೇ’ ಇದೆಯಲ್ಲ, ಇಂಟರ್ನೆಟ್ ಅದನ್ನು ಮೊದಲು ಎತ್ತಿಕೊಂಡಿದ್ದೇ ನಗೋದಕ್ಕೆ. ಮೀಮ್ ಆಯ್ತು, ರೀಮಿಕ್ಸ್ ಆಯ್ತು. ಕನ್ನಡ ಬಾರದವರೂ ಗುನುಗಿದ್ರು. ನಕ್ಕವರಲ್ಲಿ ಎಷ್ಟೋ ಜನ ಆಮೇಲೆ ಪ್ರೀತಿಯಿಂದಲೇ ಕೇಳಿದ್ರು. ಆದರೆ ಅಲ್ಲಿ ನಷ್ಟ ಆಗಲಿಲ್ಲ, ಯಾಕಂದ್ರೆ ಅದು ಅಣ್ಣಾವ್ರ ಹಾಡು ಅನ್ನೋದನ್ನು ಅಳಿಸೋಕೆ ಯಾರಿಂದಲೂ ಆಗಲ್ಲ. ದೊಡ್ಡ ಹೆಸರು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತೆ. ತೊಂದರೆ ಇರೋದು ಹೆಸರೇ ಇಲ್ಲದವರಿಗೆ.

‘ಸೋಜುಗಾದ ಸೂಜುಮಲ್ಲಿಗೆ’ ಮಲೆ ಮಾದಪ್ಪನ ಭಕ್ತರ ಪದ. ಅನನ್ಯ ಭಟ್ ದನಿಯಲ್ಲಿ ಊರೂರಿಗೆ ಹೋಯ್ತು, 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ಕ್ಕೆ ಬಂತು, ಆಮೇಲೆ ಲೆಕ್ಕವಿಲ್ಲದಷ್ಟು ಡಿಜೆ ಮಿಕ್ಸ್‌ಗಳಿಗೆ. ಕೇಳಿದವರಲ್ಲಿ ಎಷ್ಟು ಜನಕ್ಕೆ ಕಂಸಾಳೆಯವರು, ದೇವರಗುಡ್ಡರು ಅಂದ್ರೆ ಯಾರು ಅಂತ ಗೊತ್ತು? ತಲೆಮಾರುಗಟ್ಟಲೆ ಮಾದಪ್ಪನ ಪದಗಳನ್ನು ಬಾಯಲ್ಲಿ ಉಳಿಸಿಕೊಂಡು ಬಂದವರು ಅವರು.

ನಮ್ಮೂರ ಕಡೆ ಸೋಬಾನೆ ಹೇಳೋ ಅಜ್ಜಿಯೊಬ್ಬರಿದ್ದಾರೆ. ಮದುವೆ ಮನೆಯಲ್ಲಿ ಯಾರೋ ಅವರ ಪದವನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡಿದ್ರು. ಆರು ತಿಂಗಳಾದ ಮೇಲೆ ಅದೇ ದನಿ, ಕೆಳಗೆ ದಬದಬ ಬೀಟ್, ಮೇಲೆ ಯಾವುದೋ ಡಿಜೆ ಹೆಸರು. ನಾನು ಕೇಳಿಸಿದಾಗ ಅಜ್ಜಿ ಮೊದಲು ನಕ್ಕರು. ಆಮೇಲೆ ಅಂದ್ರು: ‘ಹೆಂಗಾದ್ರೂ ಕುಣ್ಕಳ್ಳಿ ಬುಡಪ್ಪ, ಪದ ಇರೋದೇ ಅದ್ಕೆ. ನನ್ನೆಸ್ರು ಏನೂ ಬ್ಯಾಡ. ಯಾವೂರ್ ಪದ ಅಂತಾದ್ರೂ ಯೋಳ್ಬೇಕಿತ್ತು.’ ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಕೇಳಿದ್ದು ಅಂಕಿತವನ್ನೇ.

ಹೆಸರು ಹಾಕಿದ್ರೆ ಹೊಟ್ಟೆ ತುಂಬುತ್ತಾ ಅನ್ನೋರು ಇದ್ದಾರೆ. ತುಂಬಲ್ಲ ನಿಜ. ಆದರೆ ಊರಿನ ಹೆಸರು ಗೊತ್ತಿದ್ರೆ ತಾನೇ ಯಾರಾದ್ರೂ ಹುಡುಕಿಕೊಂಡು ಹೋಗೋದು, ಕಾರ್ಯಕ್ರಮಕ್ಕೆ ಕರೆಯೋದು, ಕೈಗೆ ನಾಲ್ಕು ಕಾಸು ಕೊಡೋದು? ದುಡ್ಡು ಬರಬೇಕಾದ ದಾರಿಯೇ ಹೆಸರು. ಅದನ್ನು ಅಳಿಸಿದವನು ನಾಳೆ ಬರಬಹುದಾದ ಸಂಭಾವನೆಯನ್ನೂ ಇವತ್ತೇ ಅಳಿಸಿರ್ತಾನೆ.

ಹಾಗಾಗಿ ನಾನು ಒಪ್ಪಿಕೊಂಡ ಲೆಕ್ಕ ಇಷ್ಟು. ಹಾಡನ್ನು ಎಷ್ಟು ಬೇಕಾದ್ರೂ ಬದಲಾಯಿಸಿ. ಎಲ್ಲಿಂದ ತಂದ್ರಿ ಅನ್ನೋದನ್ನು ಮಾತ್ರ ಅಳಿಸಬೇಡಿ. ಮೂಲದವರು ಎಷ್ಟು ಬಡವರೋ, ಎಷ್ಟು ಅನಾಮಧೇಯರೋ, ಈ ಋಣ ಅಷ್ಟು ಜಾಸ್ತಿ. ಕಾನೂನು ಇದನ್ನು ತಲೆಕೆಳಗು ಮಾಡಿ ಇಟ್ಟಿದೆ. ಅದು ತಿದ್ದೋವರೆಗೆ ನಾವು ಕಾಯಬೇಕಾಗಿಲ್ಲ.

ರೀಮಿಕ್ಸ್ ಮಾಡೋರು ವಿವರಣೆಯಲ್ಲಿ ಒಂದು ಸಾಲು ಬರೆಯಲಿ: ಯಾರ ಪದ, ಯಾವ ಊರು, ಹಾಡಿದ್ದು ಯಾರು. ಸಾಧ್ಯವಾದ್ರೆ ಕೊನೇ ಚರಣ ಉಳಿಸಲಿ. ಫಾರ್ವರ್ಡ್ ಮಾಡೋ ನಾವೂ ಅಷ್ಟೇ. ನವೆಂಬರ್ ಬಂದ್ರೆ ನಮ್ಮ ಆಫೀಸುಗಳಲ್ಲಿ ರಾಜ್ಯೋತ್ಸವ, ಡಿಜೆ ಇಲ್ಲದೆ ಅದು ಮುಗಿಯಲ್ಲ. ಈ ಸಲ ಕಮಿಟಿಯಲ್ಲಿ ಇರೋರು ಡಿಜೆಗೆ ಕೊಡೋಷ್ಟೇ ದುಡ್ಡು ಕೊಟ್ಟು ಒಂದು ಕಂಸಾಳೆ ತಂಡವನ್ನೂ ಕರೆಸಿ ನೋಡಿ. ಅವರು ಹಾಡಿ ಮುಗಿಸಿದ ಮೇಲೆ ಅದೇ ಪದದ ರೀಮಿಕ್ಸ್ ಹಾಕಿ. ನಾನೂ ಬಂದು ಕುಣೀತೀನಿ.